ತಾತನ ಗುಳ ನೋಡಕ್ಕೆ ಎಲ್ಡು ಟಿಕೇಟು

ಈಗ ಹೇಳೋದನ್ನ ನೀವು ನಂಬಕಿಲ್ಲ. ಮೊದ್ಲೇ ಹೇಳ್ಬುಟ್ಟಿವ್ನಿ, ಆಮೇಲೆ ಸುಳ್ಳುಬುರುಕಿ ಅಂತ ಬೈಕೊಂಡು ಓದೋದು ಬ್ಯಾಡ.

ಗುಜರಾತಲ್ಲಿ ನರ್ಮದಾ ಹೊಳೆ ನಡುವೆ ನಿಂತದಲ್ಲ, ಪ್ರಪಂಚದಲ್ಲೇ ಎಲ್ಲಾದ್ಕಿಂತ ಎತ್ತರದ ಪ್ರತಿಮೆ? ಪಂಚೆ ಉಟ್ಕೊಂಡು, ಶಾಲು ಹೊದ್ಕೊಂಡು, ಕಾಲಿಗೆ ಚಪ್ಪಲಿ ಹಾಕ್ಕೊಂಡು, ಥೇಟ್ ನಮ್ಮೂರ ಯಜಮಾನ್ರು ಡೈರಿ ಮೀಟಿಂಗಿಗೆ ಹೊಂಟಂಗೆ? ಅದರೊಳಗೆ ನಮ್ಮನೇದು ಒಂದು ಚೂರು ಅದೆ. ಚಿನಕುರಳಿಯಿಂದ ಹೋಗಿರೋದು. ನಮ್ಮ ಕೊಟ್ಟಿಗೆ ಗೋಡೆಯಿಂದ.

ಇದನ್ನ ಪಾಂಡವಪುರದಲ್ಲಿ ನಮ್ಮ ಕಾಲೇಜಲ್ಲಿ ಹೇಳ್ದಾಗ ಇಡೀ ಕ್ಲಾಸು ನಗ್ತು. ಕಾವ್ಯ ಅಂತ ಒಬ್ಳವ್ಳೆ ನನ್ನ ಬೆಂಚಲ್ಲಿ, ದಸರಾ ರಜೇಲಿ ಮನೆಯೋರ ಜೊತೆ ಅಲ್ಲಿಗೆ ಟೂರ್ ಹೋಗ್ಬಂದು ಮೂರು ವಾರ ಅದನ್ನೇ ಅರೀತಿದ್ಲು. "ಲಿಫ್ಟಲ್ಲಿ ಸುಯ್ಯಂತ ಎದೆಗಂಟ ಹೋಯ್ತೀವಿ ಕಣೇ, ಎದೇಲಿ ಕಿಟಕಿ ಅವೆ, ಅಲ್ಲಿಂದ ನೋಡುದ್ರೆ ಹೊಳೆ, ಡ್ಯಾಮು, ಬೆಟ್ಟ ಎಲ್ಲ ಕಾಣ್ತವೆ." ಸಾಕಾಯ್ತು ನಂಗೆ. "ನೀನು ನೋಡ್ಕೊಂಡು ಬಂದೆ, ನಾವು ಅದನ್ನ ಕಟ್ಟಿರೋರು" ಅಂದ್ಬುಟ್ಟೆ.

"ಹೌದಾ? ನಿಮ್ದು ಯಾವ ಭಾಗನಮ್ಮಾ? ಎಡಗಾಲ ಕಿರುಬೆರಳಾ?"

"ಬೆನ್ನುಮೂಳೆ."

ಹೇಳೋದೇ ಹೇಳ್ತೀವಂತೆ, ಕಿರುಬೆರಳು ಅಂತ ಯಾಕ್ ಹೇಳ್ಬೇಕು?

ಸರಿ, ಬೆನ್ನುಮೂಳೆ ಅನ್ನೋದು ವಸಿ ಜಾಸ್ತಿ ಆಯ್ತು. ಆದ್ರೆ ಉಳಿದದ್ದು ನಿಜ. ಸಾಕ್ಷಿ ಬೇಕಂದ್ರೆ ನಮ್ಮ ಕೊಟ್ಟಿಗೆಗೆ ಬನ್ನಿ, ಗೋಡೆ ಮೇಲೆ ಮೊಳದುದ್ದ ಒಂದು ಕಲೆ ಅದೆ. ಕೆಂಪಗೆ, ತುದೀಲಿ ಚೂಪಾಗಿ. ಮೊನ್ನೆ ಸಂಕ್ರಾಂತಿಗೆ ಕೊಟ್ಟಿಗೆಗೆ ಸುಣ್ಣ ಹೊಡೆಯೋ ಕೆಲ್ಸ ನನ್ನ ತಲೆಗೆ ಬಿತ್ತು. ಆ ಕಲೆ ಮೇಲೆ ಒಂದು ಕೈ ಹೊಡ್ದೆ, ಒಣಗಿದ ಮೇಲೆ ಮತ್ತೆ ಕಾಣ್ತು. ಇನ್ನೊಂದು ಕೈ ಹೊಡ್ದೆ, ಮತ್ತೆ ಕಾಣ್ತು. ಹತ್ತು ಕೈ ಹೊಡ್ದೆ. ಸರಿ, ಮೂರು ಕೈ. ಬಾಗಿಲಲ್ಲಿ ಕೂತು ಅವರೆಕಾಯಿ ಸುಲೀತಿದ್ದ ಅಜ್ಜಿ ಅಂದ್ಲು:

"ಬುಡಮ್ಮಿ, ಅದು ಓಗಾದಲ್ಲ. ಅತ್ತೊರ್ಸದಿಂದ ನಾನೂ ಒಡೀತಾನೇ ಇವ್ನಿ."

ಅದು ತುಕ್ಕಿನ ಕಲೆ. ಅಲ್ಲಿ ತಾತನ ಗುಳ ನೇತಾಕಿತ್ತು.

ಗುಳ ಅಂದ್ರೆ ನೇಗಿಲ ತುದೀಲಿ ಮಣ್ಣು ಸೀಳೋ ಕಬ್ಬಿಣ. ಪ್ಯಾಟೆಯೋರಿಗೆ ಅಂತ ಹೇಳ್ತಿವ್ನಿ, ಹಳ್ಳಿಯೋರು ನಗ್ಬೇಡಿ. ಇದು ತಾತಂಗೆ ಅವರಪ್ಪನಿಂದ ಬಂದಿದ್ದು. ಎಷ್ಟು ಉತ್ತಿತ್ತೋ ಏನೋ, ಸವೆದು ಸವೆದು ಬೆಳ್ಳಿ ಆದಂಗೆ ಆಗಿತ್ತಂತೆ. ನಾನು ಹುಟ್ಟೋ ಹೊತ್ತಿಗೆ ನಮ್ಮ ಗದ್ದೆಗೆ ಟ್ರಾಕ್ಟರು ಬಂದ್ಬುಟ್ಟಿತ್ತು, ಗುಳ ಗೋಡೆ ಸೇರಿತ್ತು. ವರ್ಷಕ್ಕೆ ಒಂದೇ ದಿನ ಕೆಳಗಿಳೀತಿತ್ತು. ಉಗಾದಿ ಆದ್ಮೇಲೆ ಹೊನ್ನಾರು ಕಟ್ಟೋ ದಿನ. ಅವತ್ತು ಎತ್ತಿನ ಮೈ ತೊಳೆದು, ನೇಗಿಲಿಗೆ ಅರಿಶ್ಣ ಕುಂಕುಮ ಹಚ್ಚಿ, ವರ್ಷದ ಮೊದಲ ಸಾಲು ಉಳೋದು. ಟ್ರಾಕ್ಟರು ಪಕ್ಕದಲ್ಲೇ ನಿಂತಿದ್ರೂವೆ ತಾತ ಮೊದಲ ಮೂರು ಸಾಲು ನೇಗಿಲಲ್ಲೇ ಹೊಡೀತಿದ್ದ. ಟ್ರಾಕ್ಟರಿನೋನು ಬೀಡಿ ಸೇದ್ಕೊಂಡು ಕಾಯ್ತಿದ್ದ.

ಒಂದ್ ವರ್ಷ ನಂಗೂ ಮೇಣಿ, ಅಂದ್ರೆ ನೇಗಿಲ ಹಿಡಿ, ಹಿಡ್ಕೊಳಕ್ಕೆ ಬುಟ್ಟಿದ್ದ. ನಂಗೆ ಐದು ವರ್ಷ. ಹಿಂದೆ ತಾತ, ನಡುವೆ ನಾನು, ತಾತನ ಕೈ ನನ್ನ ಕೈ ಮೇಲೆ. ನೆಲ ಬಿರಿಯೋದು ಅಂಗೈಗೆ ತಿಳೀತಿತ್ತು ಕನ್ರೀ, ಜರಜರ ಅಂತ, ಬೆಕ್ಕು ಮುದ್ದು ಮಾಡುದ್ರೆ ಸದ್ದು ಮಾಡ್ತದಲ್ಲ ಅಂಗೆ. ಅವತ್ತು ನಾನು ಒಂದೆಕರೆ ಉತ್ತೆ ಅಂತ ಇಡೀ ಅಂಗನವಾಡಿಗೆ ಹೇಳ್ಕೊಂಡು ಬಂದಿದ್ದೆ. ಇಪ್ಪತ್ತಡಿ ಇರ್ಬೋದು.

ಅದೇ ವರ್ಷವೋ ಮುಂದಿನ ವರ್ಷವೋ ಊರಿಗೆ ಒಂದು ವ್ಯಾನು ಬಂತು. ಮೈಕು, ತಮಟೆ, ಹೂವಿನ ಹಾರ. ಗುಜರಾತಲ್ಲಿ ದೊಡ್ಡ ಪ್ರತಿಮೆ ಕಟ್ತಾವ್ರೆ, ದೇಶದ ಹಳ್ಳಿ ಹಳ್ಳಿಯಿಂದ ರೈತರು ಮುಟ್ಟಿದ ಕಬ್ಬಿಣ ಬೇಕು, ಒಂದು ಹಿಡಿ ಮಣ್ಣೂ ಬೇಕು ಅಂದ್ರು. ನಮ್ಮೂರೋರು ಬುದ್ಧಿವಂತ್ರು. ಒಬ್ಬ ಮುರಿದ ಕುಡುಗೋಲು ತಂದ. ಒಬ್ಬ ಕಾವಿಲ್ಲದ ಗುದ್ದಲಿ ತಂದ. ಇನ್ನೊಬ್ಬ ಬಾವಿಗೆ ಬಿದ್ದಿದ್ದ ಬಕೇಟಿನ ಹಿಡಿ ತಂದು "ಇದೂ ರೈತಂದೇ" ಅಂದ. ನಮ್ಮಪ್ಪ ಮಾತ್ರ ಡೈರಿ ಮುಂದೆ ಅಷ್ಟು ಜನ ನೋಡ್ತಿರೋದು ನೋಡಿ ಉಬ್ಬೋದ. ನೆಟ್ಟಗೆ ಮನೆಗೆ ಬಂದು ಗುಳ ಇಳಿಸಿ, ತೊಳೆದು, ಅರಿಶ್ಣ ಹಚ್ಚಿ, ಒಂದು ಹೆಗಲ ಮೇಲೆ ನನ್ನ ಕೂರಿಸ್ಕೊಂಡು, ಇನ್ನೊಂದು ಹೆಗಲ ಮೇಲೆ ಗುಳ ಮಡಿಕ್ಕೊಂಡು ಹೋಗಿ ಕೊಟ್ಟ. ಜನ ಚಪ್ಪಾಳೆ ಹೊಡುದ್ರು. ನಂಗೇ ಹೊಡೀತಾವ್ರೆ ಅಂತ ನಾನು ಎರಡೂ ಕೈ ಎತ್ತಿ ಆಡ್ಸುದ್ದೆ. ಜಂಬ ನಂಗೆ ಎಲ್ಲಿಂದ ಬಂತು ಅಂತ ಕೇಳ್ತಿರ್ತೀರಲ್ಲ, ಆ ಹೆಗಲಿಂದ ಬಂತು.

ತಾತ ಗದ್ದೇಲಿ ನೀರು ಕಟ್ತಿದ್ದ. ಸಂಜೆ ಬಂದು ಕೊಟ್ಟಿಗೆಗೆ ಹೋದ, ಗೋಡೆ ನೋಡ್ದ.

"ಕೊಟ್ಯಾ?"

"ಕೊಟ್ಟೆ ಕನಪ್ಪ. ಸುಮ್ಕೆ ನೇತಾಡ್ತಿತ್ತು."

"ಸರಿ."

ಅಷ್ಟೇ. ಬೈಲಿಲ್ಲ, ಕೂಗಾಡ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು ಅಂತಾಳೆ ಅಜ್ಜಿ, ಬೈಗುಳ ಬೆಳಗಿನ ಹೊತ್ತಿಗೆ ಆರಿ ಹೋಗ್ತಿತ್ತು. ಅವತ್ತಿಂದ ತಾತ ಅಪ್ಪನ ಜೊತೆ ಮಾತು ಬುಟ್ಟ. ಆದ್ರೆ ಬೇಸಾಯದ ಮನೇಲಿ ಮಾತು ಬುಟ್ರೆ ಕೆಲ್ಸ ನಡೀಬೇಕಲ್ಲ? ಅದಕ್ಕೆ ನಡುವೆ ಒಂದು ಪೋಸ್ಟಾಫೀಸು ಬೇಕಾಯ್ತು. ಆ ಪೋಸ್ಟಾಫೀಸು ನಾನು.

"ಅಮ್ಮಿ, ನಿಮ್ಮಪ್ಪಂಗೆ ಏಳು, ಮ್ಯಾಗಲ ಗದ್ದೆಗೆ ನೀರು ಸಾಕು ಅಂತ."

ಅಪ್ಪ ಎಲ್ಲಿದ್ದ ಅಂತೀರಿ? ತಾತನ ಎದುರಿಗೇ ಕೂತು ಮುದ್ದೆ ಮುರೀತಿದ್ದ. ನಾನು ತಾತನ ಕಡೆಯಿಂದ ಅಪ್ಪನ ಕಡೆ ಕತ್ತು ತಿರುಗ್ಸಿ ಹೇಳ್ತಿದ್ದೆ: "ಅಪ್ಪಾ, ಮ್ಯಾಗಲ ಗದ್ದೆಗೆ ನೀರು ಸಾಕಂತೆ. ಆಮೇಲೆ ಅಮ್ಮಿಗೆ ಐಸ್ ಕ್ಯಾಂಡಿ ಕೊಡುಸ್ಬೇಕಂತೆ."

ಅಪ್ಪ ತಾತನ ಮುಖ ನೋಡೋನು. ತಾತ ಸೂರು ನೋಡೋನು. ಅಂಗೆ ಹೇಳ್ಲಿಲ್ಲ ಅನ್ಬೇಕಂದ್ರೆ ಮಾತಾಡ್ಬೇಕಲ್ಲ! ಐಸ್ ಕ್ಯಾಂಡಿ ಬರ್ತಿತ್ತು. ಆ ಎರಡು ವರ್ಷದಲ್ಲಿ ನಾನು ಸಾವಿರ ಐಸ್ ಕ್ಯಾಂಡಿ, ಒಂದು ಜೊತೆ ಲೈಟ್ ಹತ್ತೋ ಚಪ್ಪಲಿ, ಒಂದು ಮೊಲ ಸಂಪಾದ್ಸುದ್ದೆ. ಮೊಲ ನಿಜ. ಐಸ್ ಕ್ಯಾಂಡಿ ಲೆಕ್ಕ ನೀವೇ ಕಮ್ಮಿ ಮಾಡ್ಕೊಳ್ಳಿ.

ಒಂದು ಮಾತು ಮಾತ್ರ ಈಗ್ಲೂ ಗಂಟಲಲ್ಲಿ ಸಿಕ್ಕಾಕೊಂಡದೆ. ಅಷ್ಟೆಲ್ಲ ಸೇರ್ಸಿ ಹೇಳ್ತಿದ್ನಲ್ಲ, ಒಂದ್ ಕಿತವಾದ್ರೂ "ಅಪ್ಪಾ, ತಾತ ಕ್ವಾಪ ಬುಟ್ನಂತೆ" ಅಂತ ಸೇರಿಸ್ಬೋದಿತ್ತು. ತಾತ ಅಲ್ಲ ಅಂತಿರಲಿಲ್ಲ. ಅನ್ನಕ್ಕೆ ಮಾತಾಡ್ಬೇಕಲ್ಲ. ಐಸ್ ಕ್ಯಾಂಡಿ ಹೊಳೆದ ತಲೆಗೆ ಅದು ಹೊಳೀಲಿಲ್ಲ. ನಾನು ಎರಡನೇ ಕ್ಲಾಸಲ್ಲಿದ್ದಾಗ ಒಂದಿನ ತಾತ ಗದ್ದೆ ಬದೀಲಿ ಕೂತೋನು ಏಳ್ಲಿಲ್ಲ. ಅಲ್ಲೇ ಮಣ್ಣು ಮಾಡುದ್ರು. ಪೋಸ್ಟಾಫೀಸು ಮುಚ್ಚೋಯ್ತು.

ಆಮೇಲೆ ಒಂದಿನ ಟೀವೀಲಿ ಪ್ರತಿಮೆ ಬಂತು. ಆಗಷ್ಟೇ ಕಟ್ಟಿ ಮುಗಿಸಿದ್ರು. ಅಜ್ಜಿ ಸಾರು ಕುದಿಯೋದು ಬುಟ್ಟು ಬಂದು ಟೀವಿ ಮುಂದೆ ನಿಂತ್ಕೊಂಡು, ಸೌಟು ಹಿಡಿದ ಕೈಲೇ ಪ್ರತಿಮೆ ಮಂಡಿ ಮುಟ್ಟಿ ಕೇಳಿದ್ಲು: "ನಮ್ದು ಎಲ್ಲಿ ಆಕವ್ರೆ?" ಅಪ್ಪ ಎದ್ದು ಹೊರಗಡೆ ಹೋಗ್ಬುಟ್ಟ. ಅವತ್ತಿಂದ ಅಪ್ಪನ ಮುಂದೆ ಆ ಪ್ರತಿಮೆ ಸುದ್ದಿ ಎತ್ತಂಗಿಲ್ಲ ಅನ್ನೋದು ನಮ್ಮನೆ ಕಾನೂನು. ಯಾರೂ ಬರೆದಿಲ್ಲ, ಎಲ್ರಿಗೂ ಗೊತ್ತು. ಪ್ರತಿಮೆ ಕಂಡ್ರೆ ಅಪ್ಪಂಗೆ ಆಗಕಿಲ್ಲ ಅಂತ ನಾನು ಅಂದ್ಕೊಂಡಿದ್ದೆ.

ಈಗ ಸಂಕ್ರಾಂತಿಗೆ ಬನ್ನಿ. ಸುಣ್ಣದ ಬ್ರಷ್ಷು ಹಿಡ್ಕೊಂಡು ಅಜ್ಜಿಗೆ ಕಾವ್ಯನ ಕತೆ ಹೇಳ್ದೆ. ಲಿಫ್ಟು, ಎದೆ, ಕಿಟಕಿ. ಅಜ್ಜಿ ಅವರೆಕಾಯಿ ಸುಲಿಯೋದು ನಿಲ್ಸಿದ್ಲು.

"ಒಳಿಕ್ಕೆ ಬುಡ್ತಾರಾ? ಎದೆ ಒಳಿಕ್ಕೆ?"

"ಬುಡ್ತಾರೆ. ನಿಂತ್ಕೊಂಡು ಹೊಳೆ, ಡ್ಯಾಮು ನೋಡ್ಬೋದು."

"ಕಟ್ಟೆ ನೋಡಕ್ಕೆ ಅಷ್ಟ್ ದೂರ ಯಾಕಮ್ಮಿ ಓಗ್ಬೇಕು? ಇಲ್ಲೇ ಕನ್ನಂಬಾಡಿ ಇಲ್ವಾ?" ಅಂದ್ಲು. ಮಡಿಲಿನ ಸಿಪ್ಪೆ ಕೊಡವ್ಕೊಂಡು, "ನನ್ನ ಕರ್ಕಂಡು ಓಯ್ತಿಯಾ?"

"ಯಾಕಜ್ಜಿ, ಸೆಲ್ಫಿ ತಕ್ಕಳಕ್ಕಾ?"

"ಎಲ್ಲಿ ಮಡಗವ್ರೆ ಅಂತ ಕಣ್ಣಲ್ಲಿ ನೋಡ್ಕಂಡು ಬಂದು ನಿಮ್ ತಾತಂಗೆ ಒಂದ್ ಮಾತು ಏಳ್ಬೇಕು. ನಿನ್ ಗುಳ ತಿಪ್ಪೆಗೋಗಿಲ್ಲ, ಗುಜರಿಗೋಗಿಲ್ಲ, ಇಂಥಾ ಜಾಗ್ದಲ್ಲಿ ಅದೆ. ಇನ್ನ ಮಗನ್ ಮ್ಯಾಲಿನ ಕ್ವಾಪ ಬುಡು ಅನ್ಬೇಕು."

"ತಾತ ಸತ್ತು ಎಷ್ಟೋ ವರ್ಷ ಆಯ್ತಲ್ಲಜ್ಜಿ."

"ಬದುಕಿದ್ದಾಗ್ಲೇ ಓಗ್ನಿಲ್ಲ ಆ ಕ್ವಾಪ. ಸತ್ ಮ್ಯಾಲೆ ಅದಾಗದೇ ಓಯ್ತದಾ? ಪಕ್ಷದ ದಿನ ನಿಮ್ಮಪ್ಪ ಎಡೆ ಇಕ್ಕಕ್ಕೆ ಓಯ್ತಾನಲ್ಲ, ನೋಡಿದ್ದೀಯಾ? ಎಲ್ರೂ ಮುಂದೆ ನಿಂತ್ರೆ ಅವ್ನು ಇಂದಕ್ಕೆ ನಿಂತ್ಕತಾನೆ. ಬ್ಯಾರೆಯೋರ ಮನೆಗೆ ಬಂದಂಗೆ."

ನಾನು ಬುದ್ಧಿವಂತಳಲ್ವಾ, ಸುಮ್ಮನಿರಲಿಲ್ಲ. ಅದನ್ನ ಕರಗ್ಸಿ ಬ್ಯಾರೆ ಕಬ್ಬಿಣದ ಜೊತೆ ಸೇರ್ಸವ್ರೆ, ಮೇಲ್ಗಡೆ ಕಾಣಕಿಲ್ಲ, ಒಳಗೆ ಎಲ್ಲೋ ಕಂಬಿ ಆಗಿರ್ತದೆ, ನಮ್ದು ಯಾವ್ದು ಅಂತ ದೇವರಿಗೂ ತಿಳಿಯಕಿಲ್ಲ ಅಂತ ವಿಜ್ಞಾನ ಹೇಳ್ದೆ.

ಅಜ್ಜಿ ಅಂದ್ಲು: "ರಾಗಿ ಬೀಸಿದ್ ಮ್ಯಾಲೆ ಯಾವ್ ಕಾಳು ಎಲ್ಲೋಯ್ತು ಅಂತ ಕೇಳ್ತೀಯಾ? ಮುದ್ದೆ ಉಣ್ತೀಯಾ ತಾನೆ?"

ವಿಜ್ಞಾನ ಅಲ್ಲಿಗೆ ಮುಗೀತು. ಪಿಲಾನು ಶುರುವಾಯ್ತು.

ಮೊದಲನೇ ತೊಂದ್ರೆ ಲಿಫ್ಟು. ನಮ್ಮಜ್ಜಿ ಪುಟ್ಟತಾಯಮ್ಮ ತೆಂಗಿನಮರ ಬುಟ್ರೆ ಬ್ಯಾರೆ ಎತ್ತರ ಕಂಡೋಳಲ್ಲ, ಲಿಫ್ಟು ಅನ್ನೋದನ್ನ ಟೀವೀಲಿ ಮಾತ್ರ ನೋಡಿರೋದು. ಪ್ರಾಕ್ಟೀಸು ಆಗ್ಬೇಕು. ಪುಣ್ಯಕ್ಕೆ ಶ್ರೀರಂಗಪಟ್ಟಣದಲ್ಲಿ ನೆಂಟರ ಮದ್ವೆ ಬಂತು, ಹೈವೇ ಪಕ್ಕದ ಹೊಸ ಛತ್ರ, ಮದ್ವೆ ಮೇಲ್ಗಡೆ, ಊಟ ಕೆಳಗಡೆ, ನಡುವೆ ಲಿಫ್ಟು. ಆಯುಧಪೂಜೆಗೆ ಲಿಫ್ಟಿನ ಬಾಗಿಲಿಗೆ ಹಚ್ಚಿದ್ದ ಅರಿಶ್ಣ ಕುಂಕುಮ ಅಂಗೇ ಇತ್ತು, ಮೇಲೆ ಮಾವಿನ ತೋರಣ ಬ್ಯಾರೆ. ಬಾಗಿಲು ತೆಗೀತು. ಅಜ್ಜಿ ಕೈಮುಗಿದು, ಚಪ್ಪಲಿ ಹೊರಗಡೆ ಬುಟ್ಟು, ಬಲಗಾಲು ಒಳಗಿಟ್ಲು. ನಾನೂ ಹಿಂದೇನೇ ನುಗ್ಗಿ "ಅಜ್ಜೀ ಚಪ್ಪಲಿ" ಅನ್ನೋ ಹೊತ್ತಿಗೆ ಬಾಗಿಲು ಮುಚ್ಕೊಂಡು ಲಿಫ್ಟು ಎದ್ಬುಡ್ತು.

ಮೇಲೆ ಬಾಗಿಲು ತೆಗೆದಾಗ ಅಜ್ಜಿ ಕೆಳಗಡೆ ನೋಡ್ಕೊಂಡು, "ಚಪ್ಪಲಿ ಎಲ್ಲಮ್ಮಿ? ಈಗ ಇಲ್ಲೇ ಬುಟ್ನಲ್ಲ!" ಅಂದ್ಲು.

"ಅದು ಕೆಳಗಡೆ ಅದೆ ಅಜ್ಜಿ, ನಾವು ಮೇಲೆ ಬಂದ್ವಿ."

"ನಾವೆಲ್ಲಿ ಬಂದ್ವಿ? ನಿಂತಲ್ಲೇ ನಿಂತಿಲ್ವಾ?"

ಚಪ್ಪಲಿಗೆ ಅಂತ ಕೆಳಗೆ ಬಂದ್ವಿ. ಆಮೇಲೆ ಪ್ರಾಕ್ಟೀಸಿಗೆ ಅಂತ ಮೇಲೆ. ಮತ್ತೆ ಕೆಳಗೆ. ಹನ್ನೊಂದು ಸಲ ಹೋಗಿ ಬಂದ್ವಿ. ಸರಿ, ಆರು. ಅಷ್ಟೊತ್ತಿಗೆ ಗಂಡಿನ ಕಡೆಯೋರು ಒಂದು ಬಸ್ಸು ಜನ ಊಟಕ್ಕೆ ಇಳಿಯಕ್ಕೆ ಅಂತ ಲಿಫ್ಟಿನ ಮುಂದೆ ಕಾಯ್ತಾ ನಿಂತಿದ್ರು. ದೂರದ ಸಂಬಂಧದ ಒಬ್ಬ ಮಾವ ಮೀಸೆ ತಿರುವ್ಕೊಂಡು, "ಏನತ್ತೆ, ಮದ್ವೆ ನೋಡಕ್ ಬಂದ್ರೋ ಲಿಫ್ಟ್ ನೋಡಕ್ ಬಂದ್ರೋ?" ಅಂದ.

"ಮದ್ವೆ ಬೇಕಾದಷ್ಟ್ ನೋಡಿವ್ನಿ ಕನ್ಲಾ. ಎಲ್ಲಾ ಒಂದೇ. ಜರುಗು ಅತ್ಲಾಗೆ" ಅಂತ ಅಜ್ಜಿ ಏಳನೇ ಸಲಕ್ಕೆ ಗುಂಡಿ ಒತ್ತಿದ್ಲು. ತಾನೇ ಒತ್ತಿದ್ಲು ಕನ್ರೀ, ಪೈಲಟ್ ಥರ.

ಎರಡನೇದು ಎತ್ತರ. ಕಿಟಕೀಲಿ ನಿಂತು ಕೆಳಗೆ ನೋಡುದ್ರೆ ಅಜ್ಜಿಗೆ ತಲೆಸುತ್ತು ಬಂದ್ರೆ? ಅದಕ್ಕೆ ಒಂದು ಭಾನುವಾರ ಕರಿಘಟ್ಟಕ್ಕೆ ಕರ್ಕೊಂಡು ಹೋದೆ. ಮೆಟ್ಟಿಲ ಮೇಲೆ ಅಜ್ಜಿನ ಎಂಗೆ ಹಿಡ್ಕೋಬೇಕು, ಎಲ್ಲಿ ಕೂರಿಸ್ಬೇಕು, ಗ್ಲೂಕೋಸು ಯಾವಾಗ ಕೊಡ್ಬೇಕು ಎಲ್ಲ ಬರ್ಕೊಂಡಿದ್ದೆ. ಗ್ಲೂಕೋಸು ಪೂರ್ತಿ ನಾನೇ ಕುಡ್ದೆ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕುಸ್ಕೊಂಡು ಹತ್ತಿ ಹೋಗಿ ಮೇಲೆ ಮಂಟಪದಲ್ಲಿ ಕೂತು, "ಬಾರಮ್ಮಿ, ಬಾ ಬಾ, ಇನ್ ಎಲ್ಡೇ ಮೆಟ್ಲು" ಅಂತ ಮಕ್ಕಳನ್ನ ಕರೆದಂಗೆ ಕರೀತಿದ್ಲು. ಅವು ಎಲ್ಡಲ್ಲ, ಇನ್ನೂ ನೂರಿದ್ದವು. ಸುಳ್ಳು ಹೇಳೋದು ನಮ್ಮ ವಂಶದಲ್ಲೇ ಅದೆ ಅಂತ ಅವತ್ತು ಗೊತ್ತಾಯ್ತು.

ಮೇಲಿಂದ ನೋಡುದ್ರೆ ಕಾವೇರಿ ಎರಡು ತೋಳಲ್ಲಿ ಶ್ರೀರಂಗಪಟ್ಟಣನ ಹಿಡ್ಕೊಂಡು ಕೂತಂಗೆ ಕಾಣ್ತದೆ. ಗದ್ದೆ, ಕಬ್ಬು, ಹೈವೇಲಿ ಬೆಂಕಿಪೊಟ್ಟಣದಂಗೆ ಬಸ್ಸುಗಳು. ನಂಗೆ ತಲೆ ಗಿರ್ರ್ ಅಂತು. ಮೆಲ್ಲಗೆ ಅಜ್ಜಿ ಸೆರಗಿನ ತುದಿ ಹಿಡ್ಕೊಂಡೆ. ಯಾರಿಗೂ ಹೇಳ್ಬೇಡಿ.

"ಆ ಗುಜ್ರಾತು ಯಾವ್ ಕಡೀಗೆ?" ಅಂದ್ಲು ಅಜ್ಜಿ.

ಗೊತ್ತಿಲ್ಲ ಅನ್ನೋದು ನಂಗೆ ಅಭ್ಯಾಸ ಇಲ್ಲ. ಹೈವೇ ಕಡೆ ಕೈ ತೋರುಸ್ದೆ. ಅಜ್ಜಿ ಎದ್ದು ನಿಂತು, ಸೆರಗು ತಲೆ ಮೇಲೆ ಎಳ್ಕೊಂಡು, ಆ ಕಡೆ ಬಾಳ ಹೊತ್ತು ನೋಡಿದ್ಲು. ತುಟಿ ಅಲ್ಲಾಡ್ತಿತ್ತು. ಆಮೇಲೆ ಕೈಮುಗಿದ್ಲು. ಮನೆಗೆ ಬಂದು ಮ್ಯಾಪು ತೆಗೆದು ನೋಡುದ್ರೆ ನಾನು ತೋರ್ಸಿರೋದು ಬೆಂಗ್ಳೂರ್ ಕಡೆ. ಇವತ್ತಿಗೂ ಹೇಳಿಲ್ಲ. ಹೇಳೋ ಧೈರ್ಯ ಇಲ್ಲ ಅಂತಲ್ಲ. ಅವಳು ಅಷ್ಟು ಹೊತ್ತು ಅಲ್ಲಿ ಏನು ನೋಡಿದ್ಲೋ, ಅದನ್ನ ತಪ್ಪು ಅನ್ನಕ್ಕೆ ಆಯ್ತಿಲ್ಲ.

ಮೂರನೇದು, ಎಲ್ಲಾದ್ಕಿಂತ ಕಷ್ಟದ್ದು, ಅಪ್ಪಂಗೆ ಹೇಳೋ ಸುಳ್ಳು. ಕೆ.ಆರ್.ಪೇಟೇಲಿ ನಮ್ಮತ್ತೆ, ಅಂದ್ರೆ ಅಪ್ಪನ ತಂಗಿ ಅವ್ಳೆ. ಪರೀಕ್ಷೆ ಮುಗಿದ ಮೇಲೆ ನಾನೂ ಅಜ್ಜಿನೂ ಒಂದು ವಾರ ಅವಳ ಮನೆಗೆ ಹೋಯ್ತೀವಿ ಅನ್ನೋದು. ಅತ್ತೆಗೆ ಫೋನ್ ಮಾಡಿ ಅವಳನ್ನೂ ಪಾರ್ಟಿಗೆ ಸೇರುಸ್ಕೊಂಡಿದ್ದೆ. ಉಳಿದದ್ದು ಅಜ್ಜಿ. ಜನ್ಮದಲ್ಲಿ ಸುಳ್ಳು ಹೇಳಿಲ್ಲ, ಮೆಟ್ಟಿಲ ವಿಚಾರ ಬುಡಿ. ಹಿತ್ತಲಲ್ಲಿ ನಾನು ಅಪ್ಪ ಆಗಿ ನಿಂತ್ಕೊಂಡು ಪ್ರಾಕ್ಟೀಸು ಕೊಡ್ತಿದ್ದೆ.

"ಎಲ್ಲಿಗೆ ಒಂಟೆ ಅವ್ವ?" ಅಂತ ಅಪ್ಪನ ದನೀಲಿ ಕೇಳ್ದೆ.

"ಕೆ.ಆರ್.ಪೇಟೆಗೆ ಕನಪ್ಪ. ನರ್ಮದಾ ನದಿಗಲ್ಲ."

"ಅಜ್ಜೀ! ಅಲ್ಲ ಅನ್ನೋದೆಲ್ಲ ಹೇಳ್ಬಾರ್ದು! ಬರೀ ಕೆ.ಆರ್.ಪೇಟೆ ಅನ್ನು."

"ಸರಿ. ಕೆ.ಆರ್.ಪೇಟೆಗೆ ಕನಪ್ಪ."

"ಎಷ್ಟ್ ದಿನಕ್ಕೆ?"

"ರೈಲು ಯಾವಾಗ ಬತ್ತದೋ ಅದ್ರ ಮ್ಯಾಲೆ."

ತಲೆ ಚಚ್ಕೊಂಡೆ. ಹೊಲದಾಚೆ ಕಲ್ಲು ಕ್ವಾರೀಲಿ ಸಿಡಿಮದ್ದು ಹಾರ್ಸೋ ಹೊತ್ತು ಅದು, ಡಮಾರ್ ಅಂದು ತಟ್ಟೆ ಲೋಟ ಎಲ್ಲ ನಡುಗುದ್ವು. ಅಜ್ಜಿ, "ನೋಡು, ಸುಳ್ಳು ಏಳ್ಸ್ತೀಯ, ಭೂಮ್ತಾಯಿ ಬೈತಾವ್ಳೆ" ಅಂದ್ಲು.

ಗಂಟು ಕಟ್ಟೋದು ಇನ್ನೊಂದು ಕತೆ. ಬಟ್ಟೆ ಬ್ಯಾಗು ಚಿಕ್ಕದು, ತಿನ್ನೋದು ದೊಡ್ಡದು. ಅಲ್ಲಿ ಮುದ್ದೆ ಸಿಕ್ಕಕಿಲ್ಲ ಅಂತ ಕೇಳಿದ ದಿನದಿಂದ ಅಜ್ಜಿಗೆ ಗುಜರಾತಿನ ಜನದ ಮೇಲೆ ಕನಿಕರ. "ಪಾಪ, ಅಂಗೇ ಮನಿಕ್ಕತಾರಾ?" ಅಂತಿದ್ಲು. ರಾಗಿ ಹಿಟ್ಟು, ಉಪ್ಸಾರಿನ ಖಾರ, ಹುರಿಟ್ಟು, ಚಿಗಳಿ ಉಂಡೆ, ಇಷ್ಟಾದ್ಮೇಲೆ ಮುದ್ದೆ ಕೋಲು. "ರೈಲಲ್ಲಿ ಮುದ್ದೆ ತಿರುವಕ್ಕೆ ಬುಡಕಿಲ್ಲ ಅಜ್ಜಿ" ಅಂದ್ರೆ, "ತಿರುವಕ್ಕಲ್ಲ. ಯಾರಾದ್ರೂ ಸೀಟ್ ಬುಡು ಅಂತ ಬಂದ್ರೆ ಇರ್ಲಿ" ಅಂದ್ಲು.

ಆದ್ರೆ ಆ ಗಂಟಿನ ತಳದಲ್ಲಿ ಒಂದು ಅರಿಶ್ಣದ ಕೊಂಬು, ಒಂದು ಬಿಳಿ ಪಂಚೆ ಅಂಚಿನ ಚೂರು ಇತ್ತು. ತಾತನ ಪಂಚೆ. ಏನಕ್ಕೆ ಅಂತ ಕೇಳ್ಲಿಲ್ಲ. ಕೇಳುದ್ರೆ ಅವಳು ಹೇಳ್ಬುಡ್ತಾಳೆ, ಆಮೇಲೆ ನಾನು ಅದನ್ನೂ ಜೋಕ್ ಮಾಡ್ಬೇಕಾಯ್ತದೆ.

ನಿಜ ಹೇಳ್ಲಾ? ಆ ಹೊತ್ತಿಗೆ ಕಾವ್ಯ ನನ್ನ ತಲೆಯಿಂದ ಇಳಿದು ಹೋಗಿದ್ಲು. ಫೋಟೋ ತಂದು ಅವಳ ಮುಖಕ್ಕೆ ಹಿಡೀಬೇಕು ಅಂತ ಶುರು ಮಾಡಿದ್ದು. ಈಗ ರಾತ್ರಿ ಮಲಗುದ್ರೆ ಬ್ಯಾರೆ ಏನೋ ಕಾಣ್ತಿತ್ತು. ಆ ಎದೆ ಒಳಗೆ ನಾನೂ ಅಜ್ಜಿನೂ ನಿಂತಿದ್ದೀವಿ. ಕಿಟಕಿ ಆಚೆ ಯಾವುದೋ ಹೊಳೆ. ಅಂಗೈನ ಗೋಡೆಗೆ ಇಟ್ರೆ ಜರಜರ ಅಂತ ಏನಾದ್ರೂ ತಿಳೀತದಾ? ತಿಳಿಯಕಿಲ್ಲ ಅಂತ ಗೊತ್ತು. ನಾನು ಸೈನ್ಸ್ ಓದೋಳು. ಆದ್ರೂ ಒಂದ್ ಕಿತ ಇಟ್ಟು ನೋಡ್ಬೇಕು.

ಹೋದ ಭಾನುವಾರ ಟಿಕೇಟು ಮಾಡೋ ದಿನ. ಅಮ್ಮ ನಾಗಮಂಗಲಕ್ಕೆ ತವರಿಗೆ ಹೋಗಿದ್ಲು, ಅಪ್ಪ ಕೊಟ್ಟಿಗೇಲಿ ಹಸು ತೊಳೀತಿದ್ದ. ನಾನೂ ಅಜ್ಜಿನೂ ನಡುಮನೇಲಿ ಚಾಪೆ ಮೇಲೆ ಫೋನ್ ಹಿಡ್ಕೊಂಡು ಕೂತ್ವಿ. ಹಾಲಿನ ದುಡ್ಡು ಬೀಳೋ ಖಾತೆ ಅಜ್ಜಿ ಹೆಸರಲ್ಲೇ ಅದೆ, ಕಾರ್ಡೂ ಅವಳದೇ, ಹಂಗಾಗಿ ಯಾರನ್ನೂ ಕೇಳಂಗಿಲ್ಲ.

ಪ್ರಯಾಣಿಕರು, ಒಂದು: ಪುಟ್ಟತಾಯಮ್ಮ. ವಯಸ್ಸು? ಆಧಾರಲ್ಲಿ ಅಜ್ಜಿ ಹುಟ್ಟಿದ್ದು ಜನವರಿ ಒಂದು. ನಮ್ಮೂರ ಅಜ್ಜಿಯರೆಲ್ಲ ಜನವರಿ ಒಂದನೇ ತಾರೀಕೇ ಹುಟ್ಟಿರೋದು, ಅವತ್ತು ಸೂಲಗಿತ್ತಿಗೆ ಎಂಥಾ ಓಡಾಟ ಇದ್ದಿರ್ಬೇಕು ಯೋಚ್ನೆ ಮಾಡಿ. "ಅರವತ್ತೆಂಟು ಅಂತದೆ ಅಜ್ಜಿ." "ಅದು ಕಾರ್ಡಿನ್ ವಯಸ್ಸು. ನಂದು ಜಾಸ್ತಿ ಅದೆ." "ಜಾಸ್ತಿ ಅಂದ್ರೆ ಎಷ್ಟು?" "ನಿಮ್ ತಾತಂಗೆ ಗೊತ್ತಿತ್ತು." ಪ್ರಯಾಣಿಕರು, ಎರಡು: ನಾನು. ಕಿಟಕಿ ಪಕ್ಕ, ಕೆಳಗಿನ ಬರ್ತು, ಎಲ್ಲ ತುಂಬುಸ್ದೆ. ಕಾರ್ಡಿನ ನಂಬರ್ ಹೊಡ್ದೆ. ಗುಂಡಿ ಒತ್ತುದ್ದೆ.

ಒಟಿಪಿ ಕಳ್ಸಿದ್ದೀವಿ ಅಂತ ಬಂತು. ಕೊನೇ ಎರಡು ಅಂಕಿ ತೋರುಸ್ತು. ಆ ಅಂಕಿ ಅಪ್ಪನ ಫೋನಿಂದು. ಅಜ್ಜಿ ಖಾತೆ ತೆಗೆಸಿದ್ದು ಅಪ್ಪ. ನಂಬರ್ ಕೊಟ್ಟಿರೋದೂ ಅಪ್ಪಂದೇ. ಎರಡು ತಿಂಗಳು ಪಿಲಾನು ಮಾಡಿದ ಈ ಬುದ್ಧಿವಂತೆಗೆ ಅದೊಂದು ಹೊಳೀಲಿಲ್ಲ.

"ಬಂತಾ?" ಅಂದ್ಲು ಅಜ್ಜಿ.

"ಬಂತು."

"ಎಲ್ಲಿಗ್ ಬಂತು?"

"ಕೊಟ್ಟಿಗೆಗೆ."

ಕೊಟ್ಟಿಗೇಲಿ ನೀರಿನ ಸದ್ದು ನಿಂತೋಯ್ತು. ಹಿತ್ತಲ ಬಾಗಿಲಲ್ಲಿ ಅಪ್ಪ ಬಂದು ನಿಂತ. ಚಡ್ಡಿ ಬನೀನು, ಮೊಣಕೈಗಂಟ ಸೋಪಿನ ನೊರೆ, ಎರಡೇ ಬೆರಳಲ್ಲಿ ಫೋನು.

"ಇದೇನಮ್ಮಿ, ರೈಲು ಟಿಕೇಟು ಅಂತ ಬಂದದೆ?"

ನಾನು ಅಜ್ಜಿ ಕಡೆ ನೋಡ್ದೆ. ಅವಳು ಸೆರಗು ಸರಿ ಮಾಡ್ಕೊಂಡು, ಮಗನ ಮುಖ ನೋಡಿ, ಅಷ್ಟು ದಿನದ ಪ್ರಾಕ್ಟೀಸೆಲ್ಲ ನೀರಿಗೆ ಹಾಕಿ ಅಂದ್ಲು:

"ನಿಮ್ಮಪ್ಪನ್ ಗುಳ ನೋಡಕ್ ಓಯ್ತಾ ಇವ್ನಿ ಕನ್ಲಾ ಮಗ."

ಅಪ್ಪ ಕೂಗಾಡ್ತಾನೆ ಅಂತ ಕಾಯ್ದೆ. ತಿರುಗಿ ಹೊರಗಡೆ ಹೋಯ್ತಾನೆ ಅಂತ ಕಾಯ್ದೆ. ಅವನು ಒದ್ದೆ ಕಾಲಲ್ಲೇ ಒಳಗೆ ಬಂದು, ಕೈಯ ಬನೀನಿಗೆ ಒರೆಸ್ಕೊಂಡು, ನನ್ನ ಫೋನು ಈಸ್ಕೊಂಡ. ಬೆರಳಿಟ್ಟು ಮೇಲಿಂದ ಕೆಳಗೆ ಓದ್ದ. ಅವ್ವನ ಹೆಸ್ರು. ನನ್ನ ಹೆಸ್ರು. ಬೆರಳು ಅಲ್ಲೇ ನಿಂತ್ಕೊಳ್ತು. ಅದರ ಕೆಳಗೆ ಏನೂ ಇರ್ಲಿಲ್ಲ, ಆದ್ರೂ ಬೆರಳು ಇನ್ನೂ ವಸಿ ಕೆಳಗೆ ಜಾರ್ಸಿ ನೋಡ್ದ.

"ಕೊಟ್ಟೋನು ನಾನು," ಅಂದ. "ನೋಡಕ್ ಓಗೋರು ನೀವಿಬ್ರಾ?"

ಅವನ ಕೈಲಿದ್ದಂಗೇ ಫೋನು ಸಮಯ ಮುಗೀತು ಅಂತು. ಹೆಸ್ರು, ವಯಸ್ಸು, ಕಿಟಕಿ ಸೀಟು, ಎಲ್ಲ ಅಳಿಸ್ಕೊಂಡು ಬರೀ ಬಿಳೀದಾಗಿ ನಿಂತ್ಕೊಳ್ತು. ಅಪ್ಪ ಅದನ್ನ ನಂಗೆ ಕೊಟ್ಟು, ಚಾಪೆ ಮೇಲೆ ಅವ್ವನ ಪಕ್ಕ ಮಂಡಿ ಮಡಿಸ್ಕೊಂಡು ಕೂತ.

"ನಂದೂ ಬರಿ ಅಮ್ಮಿ. ನಲವತ್ತಾರು."